ತಾತನ ಬಾಯಲ್ಲಿ ಬಂದ ‘ಭಕ್’

ನಿನ್ನೆ ಬೆಳಿಗ್ಗೆ ಕಾಶಿಯ ಲಂಕಾ ಬಡಾವಣೆಯಿಂದ ಗೋದೌಲಿಯಾದ ಕಡೆಗೆ ಹೊರಟಿದ್ದ ಇ-ರಿಕ್ಷಾದಲ್ಲಿ ನನ್ನ ಎದುರಿಗೆ ಒಬ್ಬ ಕಾಲೇಜು ಹುಡುಗಿ ಕೂತಿದ್ದಳು. ಫೋನಿನಲ್ಲಿ ಯಾರ ಜೊತೆಗೋ ಪಿಸುಮಾತು. ಆ ಕಡೆಯವನು ಏನು ಹೇಳಿದನೋ, ಹುಡುಗಿ ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡು, ಕತ್ತು ಕೊಂಕಿಸಿ, ‘ಭಕ್!’ ಎಂದಳು. ಅಷ್ಟೇ. ರಿಕ್ಷಾದಲ್ಲಿದ್ದ ಬೇರೆ ಯಾರೂ ತಿರುಗಿ ನೋಡಲಿಲ್ಲ, ಈ ಊರಿನಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಸದ್ದು ಅದು. ನನ್ನನ್ನು ಮಾತ್ರ ಆ ಹುಡುಗಿಯ ಬಾಯಿಂದ ಅದು ಬಂದ ರೀತಿ, ಸ್ವಲ್ಪ ತಡೆದು, ಸ್ವಲ್ಪ ನಾಚಿ, ಎಲ್ಲಿಗೋ ಎಳೆದುಕೊಂಡು ಹೋಯಿತು. ಗೋದೌಲಿಯಾದಲ್ಲಿ ಕನ್ನಡಕದ ಅಂಗಡಿಗೆ ಹೋಗಬೇಕಿದ್ದವಳು ಸೋನಾರ್‌ಪುರಾದಲ್ಲೇ ಇಳಿದುಬಿಟ್ಟೆ. ಕಾಲು ತಾನಾಗಿ ಕೇದಾರ ಘಾಟಿನ ಗಲ್ಲಿಗೆ ತಿರುಗಿತು. ವಯಸ್ಸಾದ ಹೆಂಗಸು ಹೀಗೆ ದಾರಿ ತಪ್ಪಿದರೆ ಜನ ಮರೆವು ಎನ್ನುತ್ತಾರೆ. ನನ್ನದು ಅದರ ತಿರುವುಮುರುವು.

ಕಾಶಿಯಲ್ಲಿ ಹುಟ್ಟಿ ಬೆಳೆದು, ಇಲ್ಲಿನ ಮಕ್ಕಳಿಗೇ ಹಿಂದಿ ಪಾಠ ಹೇಳಿ ನಿವೃತ್ತಳಾದ ನನ್ನನ್ನು ‘ಭಕ್ ಅಂದರೆ ಏನು’ ಎಂದು ನೀವು ಕೇಳಿದರೆ ಒಂದು ಮಾತಿನಲ್ಲಿ ಹೇಳಲಾರೆ. ನಿಘಂಟಿನಲ್ಲಿ ಹುಡುಕುವ ಮಾತಲ್ಲ ಅದು. ಗಲ್ಲಿಗೆ ಅಡ್ಡ ನಿಂತ ಹಸುವಿಗೂ ಭಕ್, ದೋಣಿಗೆ ದುಬಾರಿ ಬಾಡಿಗೆ ಹೇಳುವವನಿಗೂ ಭಕ್. ನಿನ್ನ ಸೀರೆ ಚೆನ್ನಾಗಿದೆ ಅಂದರೆ ಭಕ್, ನಿನ್ನ ಗಂಡ ನಿನ್ನೆ ಭಾಂಗ್ ಕುಡಿದು ಮೆಟ್ಟಿಲ ಮೇಲೆ ಬಿದ್ದಿದ್ದನಂತೆ ಅಂದರೂ ಭಕ್. ಹೋಗೋ ಎಂದೂ ಆಗುತ್ತದೆ, ಸುಳ್ಳು ಎಂದೂ ಆಗುತ್ತದೆ, ಇದೂ ಒಂದು ಮಾತೇ ಎಂದೂ ಆಗುತ್ತದೆ, ನಾಚಿಕೆಯಾಗುತ್ತೆ ಸುಮ್ಮನಿರು ಎಂದೂ ಆಗುತ್ತದೆ. ಚಿಕ್ಕದಾಗಿ ಕತ್ತರಿಸಿ ಹೇಳಿದರೆ ಜಗಳ, ನಡುವೆ ಉಸಿರು ಎಳೆದು ‘ಭ...ಕ್’ ಎಂದರೆ ಸಲಿಗೆ. ನಮ್ಮ ಕನ್ನಡದ ‘ಹೋಗಲೋ’, ‘ಅಯ್ಯೋ ಬಿಡು’, ‘ಥತ್’ ಮೂರನ್ನೂ ಒಂದೇ ಬಟ್ಟಲಿಗೆ ಹಾಕಿ ಕಲಸಿದರೆ ಹತ್ತಿರ ಬರಬಹುದೇನೋ. ಮಣಿಕರ್ಣಿಕೆಯ ಸ್ಮಶಾನಘಾಟಿನಲ್ಲಿ ಸೌದೆ ಒಟ್ಟುವವರು ಕೂಡ ಹೆಗಲ ಮೇಲೆ ದಿಮ್ಮಿ ಹೊತ್ತುಕೊಂಡೇ ಒಬ್ಬರಿಗೊಬ್ಬರು ಭಕ್ ಎಂದು ನಗುವುದನ್ನು ಕೇಳಿದ್ದೇನೆ. ಹೊಸಬರಿಗೆ ಅದು ಒರಟು ಎನಿಸುತ್ತದೆ. ಇರಲಿ. ಯಾವುದನ್ನೂ ಅತಿಯಾಗಿ ತಲೆಯ ಮೇಲೆ ಹೊತ್ತುಕೊಳ್ಳಬೇಡ ಎಂದು ಈ ಊರು ತನ್ನ ಮಕ್ಕಳಿಗೆ ಕಲಿಸುವುದು ಈ ಒಂದು ಸದ್ದಿನಿಂದಲೇ.

ನಮ್ಮ ಮನೆ ಇದ್ದದ್ದು ಕೇದಾರ ಘಾಟಿಗೆ ಇಳಿಯುವ ಗಲ್ಲಿಯಲ್ಲಿ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದ ಜಾಗದಲ್ಲಿ. ಈಗ ಅಲ್ಲಿ ಒಂದು ಲಾಡ್ಜು ಇದೆ, ಬಾಗಿಲಿಗೆ ಗಾಜು, ಒಳಗೆ ಸೋಫಾ. ಆಗ ಅಲ್ಲಿ ನಡುವೆ ಕಲ್ಲಿನ ಅಂಗಳ, ಸುತ್ತ ಮೂರು ಅಂತಸ್ತು, ಮೇಲೆ ಕೋತಿಗಳಿಗೂ ನಮಗೂ ಸಮಪಾಲಿನ ತಾರಸಿ. ತಾತ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪುರೋಹಿತರು. ಮೈಸೂರು, ಹಾಸನ, ತುಮಕೂರು ಕಡೆಯ ಜನ ಬಂದು ಕೆಳಗಿನ ಕೋಣೆಗಳಲ್ಲಿ ಇಳಿದುಕೊಳ್ಳುತ್ತಿದ್ದರು. ತಾತ ಅವರಿಗೆ ಗಂಗೆಯಲ್ಲಿ ಸಂಕಲ್ಪ ಸ್ನಾನ, ಪಿಂಡಪ್ರದಾನ ಮಾಡಿಸುತ್ತಿದ್ದರು. ಅಪ್ಪ ಅವರನ್ನು ವಿಶ್ವನಾಥ ಗಲ್ಲಿಗೆ ಕರೆದುಕೊಂಡು ಹೋಗಿ, ಜೇಬು ಜೋಪಾನ ಎಂದು ಎಚ್ಚರಿಸುತ್ತ ದರ್ಶನ ಮಾಡಿಸಿ ತರುತ್ತಿದ್ದರು. ಅಜ್ಜಿ ಅಷ್ಟೂ ಜನಕ್ಕೆ ಅಡುಗೆ ಮಾಡುತ್ತಿದ್ದರು. ಆ ಮನೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಒದ್ದೆ ಕಲ್ಲು, ಎಳ್ಳು, ಹಿಂಡಿ ಹರವಿದ ಪಂಚೆಗಳು, ಅಜ್ಜಿಯ ಸಾರಿನ ಪುಡಿ, ಮತ್ತೆ ಇವೆಲ್ಲದರ ಹಿಂದೆ ಮೆಟ್ಟಿಲ ಕೆಳಗಿಂದ ಏರಿ ಬರುವ ನದಿಯ ಹಸಿ ವಾಸನೆ. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ಬನಾರಸಿ ಹಿಂದಿ. ನಾನು ದಿನಕ್ಕೆ ಎಷ್ಟೋ ಸಲ ಆ ಹೊಸ್ತಿಲು ದಾಟುತ್ತಿದ್ದೆ, ನಾಲಿಗೆಯೂ ನನ್ನ ಜೊತೆಗೇ ದಾಟುತ್ತಿತ್ತು.

ಆ ಹೊಸ್ತಿಲು ದಾಟಲು ಪರವಾನಗಿ ಇಲ್ಲದ ಮಾತು ಎಂದರೆ ಭಕ್. ತಾತನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ‘ವೇದ ಹೇಳೋ ಮನೆ ಇದು. ಆ ಮಾತನ್ನ ಚಪ್ಪಲಿ ಜೊತೆಗೆ ಆಚೆ ಬಿಟ್ಟು ಬಾ’ ಎನ್ನುತ್ತಿದ್ದರು. ತಾತ ಸಿಡುಕಿನವರಲ್ಲ, ಆದರೆ ಮಾತಿನ ವಿಷಯದಲ್ಲಿ ಮಹಾ ಮಡಿ. ಆಡಿದ ಮಾತು ಎಲ್ಲೋ ಒಂದು ಕಡೆ ಉಳಿದೇ ಉಳಿಯುತ್ತದೆ, ಯಾರೋ ಕೇಳಿಸಿಕೊಂಡೇ ಇರುತ್ತಾರೆ ಎಂಬುದು ಅವರ ನಂಬಿಕೆ. ಮಾತನ್ನು ಹಾಗೆ ನಂಬಿದವರ ಎದುರಿಗೆ ಯಾವ ಮಾತನ್ನೂ ಊದಿ ಹಾರಿಸಿಬಿಡುವ ಭಕ್ ಎಲ್ಲಿ ನಿಂತೀತು? ಅವರ ಈ ಕಟ್ಟಳೆಗೆ ಸೊಪ್ಪು ಹಾಕದವಳು ರಾಮರತೀ ಚಾಚಿ ಒಬ್ಬಳೇ. ಗಲ್ಲಿಯ ತುದಿಯಲ್ಲಿ ಹೂವು, ದೀಪದ ದೊನ್ನೆ ಮಾರುತ್ತಿದ್ದ ಚಾಚಿ ದಿನಾ ಬೆಳಿಗ್ಗೆ ಪೂಜೆಯ ಹೂವು ಕೊಡಲು ಅಂಗಳಕ್ಕೆ ಬರುತ್ತಿದ್ದಳು. ದಪ್ಪ ಹೆಂಗಸು, ಮೂಗಿನಲ್ಲಿ ಎರಡು ಬೊಟ್ಟು, ಗಂಟಲು ಆಚೆ ದಡಕ್ಕೆ ಕೇಳಿಸುವಂಥದ್ದು. ಇವತ್ತು ತುಳಸಿ ಬಾಡಿದೆ ಎಂದು ತಾತ ಅಂದರೆ ಸಾಕು, ‘ಭಕ್, ಪಂಡಿಜ್ಜೀ!’ ಎನ್ನುತ್ತಿದ್ದಳು. ತಾತ ಕಣ್ಣು ಮುಚ್ಚಿಕೊಂಡು ಶಿವ ಶಿವ ಎನ್ನುತ್ತಿದ್ದರು, ಬಾಗಿಲ ಹಿಂದೆ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಅಮ್ಮ ನಂಜನಗೂಡಿನವಳು. ಮದುವೆಯಾಗಿ ಬಂದು ಹತ್ತು ವರ್ಷವಾದರೂ ಅವಳಿಗೆ ಹಿಂದಿ ಹತ್ತಲಿಲ್ಲ, ಹತ್ತಿಸಿಕೊಳ್ಳಬೇಕೆಂಬ ಆತುರವೂ ಅವಳಿಗಿರಲಿಲ್ಲ. ತರಕಾರಿಯವನಿಗೆ ಕನ್ನಡದಲ್ಲೇ ‘ಏನಪ್ಪಾ, ಬೆಂಡೆಕಾಯಿ ಎಳೇದಿದ್ಯಾ?’ ಎಂದು ಕೇಳುವಳು, ಅವನು ಭೋಜಪುರಿಯಲ್ಲಿ ಉತ್ತರ ಕೊಡುವನು, ಇಬ್ಬರಿಗೂ ಎಲ್ಲ ಅರ್ಥವಾಗುವುದು. ಬಾಗಿಲಿಗೆ ಅಡ್ಡ ಮಲಗಿದ ಹಸುವಿಗೆ ಊರೆಲ್ಲ ಭಕ್ ಅಂದರೆ ಅಮ್ಮ ‘ಏಳಮ್ಮಾ, ಸ್ವಲ್ಪ ಆಚೆ ಹೋಗ್ತೀಯಾ ತಾಯಿ’ ಎನ್ನುತ್ತಿದ್ದಳು. ಸಂಜೆ ಕೆಲಸ ಮುಗಿಸಿ ತಾರಸಿಗೆ ಬಂದು ಯಾತ್ರಿಕರಿಗೆ ಬೇಕಾದ ಹೂಬತ್ತಿ ಹೊಸೆಯುತ್ತ ಕೂತರೆ ಅದು ನನ್ನ ಹೊತ್ತು. ಅವಳ ಮಾತೆಲ್ಲ ಆಗ ಹೊರಗೆ ಬರುತ್ತಿತ್ತು. ಕಪಿಲಾ ನದಿ, ರಸಬಾಳೆ, ಅವಳ ಸೋದರತ್ತೆಯ ಮನೆಯ ತುಂಟ ಕರು, ರಾಜನಿಗೆ ಕೊಂಬು ಮೂಡಿದ ಕತೆ, ಏಳು ಸಮುದ್ರ ದಾಟಿದ ಕತೆ. ಕಪಿಲೆ ಈ ಗಂಗೆಗಿಂತ ದೊಡ್ಡದಾ ಎಂದು ಒಂದು ಸಲ ಕೇಳಿದ್ದೆ. ‘ಚಿಕ್ಕದು ಕಣೇ. ಆದ್ರೆ ನಂದು’ ಎಂದಿದ್ದಳು. ಗಲ್ಲಿಯಲ್ಲಿ ಆಡುವ ಹಿಂದಿ ಎಲ್ಲರದು. ಈ ಕನ್ನಡ ಮಾತ್ರ ಅಮ್ಮನದು ಮತ್ತು ನನ್ನದು ಎಂದು ನಾನು ಅಂದುಕೊಂಡಿದ್ದೆ. ಅದಕ್ಕಿಂತ ಇಷ್ಟವಾದದ್ದು ಯಾವುದೂ ನನಗಿರಲಿಲ್ಲ.

ನನಗೆ ಎಂಟು ವರ್ಷವಾಗಿದ್ದಾಗ ಕಾಮಾಲೆಯಾಗಿ ಅಮ್ಮ ಹೋದಳು. ಚಳಿ ಮುಗಿದು ಸೆಕೆ ಶುರುವಾಗುವ ದಿನಗಳು. ಊರೂರಿನವರ ಶವಗಳನ್ನು ಮಣಿಕರ್ಣಿಕೆಗೆ ಕಳಿಸಿಕೊಟ್ಟ ತಾತ ಅವತ್ತು ಸೊಸೆಯ ಹಿಂದೆ ತಾವೇ ನಡೆದರು. ಹೆಣ್ಣುಮಕ್ಕಳು ಹೋಗುವಂತಿಲ್ಲವಾದ್ದರಿಂದ ನನ್ನನ್ನು ರಾಮರತೀ ಚಾಚಿ ಅಂಗಡಿಯಲ್ಲಿ ಕೂರಿಸಿಕೊಂಡು ಚೆಂಡುಹೂವು ಪೋಣಿಸಲು ಕೊಟ್ಟಳು. ಯಾರೂ ನನಗೆ ಏನೂ ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಸಾವಿನ ವಿಷಯದಲ್ಲಿ ಪುರೋಹಿತರ ಮನೆಯ ಮಕ್ಕಳಿಗೆ ಬೇರೆ ಮಕ್ಕಳಿಗೆ ತಿಳಿಯದ್ದೂ ತಿಳಿದಿರುತ್ತದೆ. ಆ ತಿಳಿವಳಿಕೆಯೇ ನನಗೆ ತೊಡಕಾಯಿತು.

ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಹೋಗುವ ಪದ್ಧತಿ ನಿಮಗೆ ಗೊತ್ತಿರಬೇಕು. ಗಯೆಯಲ್ಲಿ ಬಿಡುವುದು ಕ್ರಮ, ಅಲ್ಲಿಗೆ ಹೋಗಲಾಗದವರು ನಮ್ಮ ಕೇದಾರ ಘಾಟಿನಲ್ಲೇ ಬಿಡುತ್ತಿದ್ದರು. ಬೊಗಸೆಯಲ್ಲಿ ಗಂಗೆಯ ನೀರು ಹಿಡಿದು, ತಾತ ಹೇಳಿಕೊಟ್ಟ ಸಂಕಲ್ಪ ಹೇಳಿ, ಬಿಡುವ ವಸ್ತುವಿನ ಹೆಸರು ಹೇಳಿ, ನೀರನ್ನು ಕೆಳಗೆ ಬಿಡಬೇಕು. ಆಮೇಲೆ ಬದುಕಿರುವ ತನಕ ಅದನ್ನು ಮುಟ್ಟುವಂತಿಲ್ಲ. ಜನ ಎಲ್ಲ ಕಡೆಯೂ ಜನವೇ. ಹುಟ್ಟಿದಾಗಿನಿಂದ ಹಾಗಲಕಾಯಿ ಕಂಡರಾಗದವರು ಭಾರಿ ಭಕ್ತಿಯಿಂದ ಹಾಗಲಕಾಯಿ ಬಿಡುತ್ತೇನೆ ಎಂದು ಮುಂದೆ ಬರುತ್ತಿದ್ದರು. ತಾತ ಕನ್ನಡಕದ ಮೇಲಿಂದ ನೋಡಿ, ‘ಇಷ್ಟವಾದ್ದನ್ನ ಬಿಡ್ಬೇಕಮ್ಮಾ. ಗಂಗೆ ಮುಂದೆ ಲೆಕ್ಕಾಚಾರ ಬೇಡ’ ಎನ್ನುತ್ತಿದ್ದರು. ಯಾಕೆ ಬಿಡಬೇಕು ತಾತ ಎಂದು ನಾನು ಕೇಳಿದ್ದಕ್ಕೆ, ಬಿಟ್ಟರೆ ಹೋದವರಿಗೆ ಒಳ್ಳೆಯದಾಗುತ್ತದೆ ಎಂದಿದ್ದರು. ಮತ್ತೆ ತಿಂದರೆ? ‘ಹಾಗೆಲ್ಲ ಮಾಡಬಾರದು. ಕೊಟ್ಟಿದ್ದನ್ನ ಕಿತ್ಕೊಂಡ ಹಾಗಾಗುತ್ತೆ.’ ಈ ಎರಡು ಮಾತೂ ನನಗೆ ಚೆನ್ನಾಗಿ ನೆನಪಿದ್ದವು.

ಅಮ್ಮನ ಹದಿಮೂರು ದಿನದ ಕರ್ಮಗಳೆಲ್ಲ ಮುಗಿದ ಮೇಲೆ, ಒಂದು ಬೆಳಿಗ್ಗೆ ತಾತ ಯಾತ್ರಿಕರಿಗೆ ಸ್ನಾನ ಮಾಡಿಸುತ್ತಿದ್ದಾಗ, ನಾನು ನಾಲ್ಕು ಮೆಟ್ಟಿಲು ಆಚೆ ಹೋಗಿ ಬೊಗಸೆಯಲ್ಲಿ ನೀರು ತುಂಬಿಕೊಂಡೆ. ದಿನಾ ಕೇಳಿ ಕೇಳಿ ಸಂಕಲ್ಪ ನನಗೆ ಬಾಯಿಪಾಠವಾಗಿತ್ತು. ಅವಿಮುಕ್ತ ವಾರಾಣಸೀ ಕ್ಷೇತ್ರೇ ಎಂಬಲ್ಲಿ ಧ್ವನಿ ಏರಿಸುವುದು, ತಿಥಿ ನಕ್ಷತ್ರ ಹೇಳುವುದು, ಗೋತ್ರ ಹೇಳುವುದು, ಒಂದೂ ತಪ್ಪಲಿಲ್ಲ. ಅಮ್ಮನ ಹೆಸರು ಹೇಳಿದೆ. ಬಿಡುವ ವಸ್ತುವಿನ ಜಾಗದಲ್ಲಿ ಕನ್ನಡ ಮಾತು ಎಂದೆ. ಬೆರಳು ಬಿಡಿಸಿ ನೀರು ಹರಿಯಬಿಟ್ಟೆ. ಇಷ್ಟವಾದದ್ದನ್ನು ಬಿಡಬೇಕು, ಇಷ್ಟವಾದದ್ದು ಅದೇ. ನನ್ನ ಲೆಕ್ಕ ಅಷ್ಟು ನೇರವಾಗಿತ್ತು. ಬೇರೆ ಯಾವ ಮನೆಯ ಮಗುವಾಗಿದ್ದರೂ ಅತ್ತು, ಹಟ ಮಾಡಿ, ಮಣ್ಣಿನಲ್ಲಿ ಹೊರಳಿ ದುಃಖ ಕಳೆದುಕೊಳ್ಳುತ್ತಿತ್ತು. ಪುರೋಹಿತರ ಮೊಮ್ಮಗಳಾದ್ದರಿಂದ ನಾನು ವಿಧಿಪೂರ್ವಕವಾಗಿ ಮಾಡಿದೆ.

ಮನೆಯಲ್ಲಿ ಮೊದಮೊದಲು ಯಾರಿಗೂ ಗೊತ್ತಾಗಲಿಲ್ಲ. ಇಲ್ಲಿ ಬೆಳೆಯುವ ನಮ್ಮವರ ಮಕ್ಕಳು ಹಿಂದಿಗೆ ಜಾರುವುದು ಹೊಸತೇನಲ್ಲ. ಅಪ್ಪನಂತೂ ಹೆಂಡತಿ ಹೋದ ಮೇಲೆ ಮಾತೇ ಕಡಿಮೆ ಮಾಡಿದ್ದರು. ನಾನು ಹಿಂದಿಯಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲೇ ಹೂಂ ಅಂದು ಸುಮ್ಮನಾಗುತ್ತಿದ್ದರು. ಗಲ್ಲಿಯ ಗಾಳಿ ಎಂದು ಅಜ್ಜಿ ಗೊಣಗಿದರು, ಗದರಿದರು, ಆಮೇಲೆ ಮುದ್ದು ಮಾಡಿ ನೋಡಿದರು. ನಾನು ಹಸಿವಾದರೆ ‘ಭೂಖ್ ಲಗೀ ಹೈ’, ನಿದ್ದೆ ಬಂದರೆ ‘ನೀಂದ್ ಆ ರಹೀ ಹೈ’. ಅಜ್ಜಿಗೆ ಬರುತ್ತಿದ್ದದ್ದು ಅಡುಗೆಮನೆಯ ಹಿಂದಿ ಮಾತ್ರ, ಉಪ್ಪು ಬೇಳೆ ಸೌದೆಯ ಮಟ್ಟದ್ದು. ಗಂಡಸರು ಬೆಳಗಿನಿಂದ ಸಂಜೆಯ ತನಕ ಘಾಟಿನಲ್ಲಿ, ಯಾತ್ರಿಕರು ಇವತ್ತು ಬಂದು ನಾಡಿದ್ದು ಹೋಗುವವರು. ಒಂದು ಮಧ್ಯಾಹ್ನ ಅಜ್ಜಿ ನನ್ನ ಜಡೆ ಹಾಕುತ್ತ ‘ಒಂದೇ ಒಂದು ಮಾತಾಡೇ, ಅಜ್ಜೀ ಅನ್ನೇ’ ಎಂದರು. ನಾನು ತುಟಿ ಬಿಗಿಹಿಡಿದುಕೊಂಡೆ. ಬಾಚಣಿಗೆ ನನ್ನ ತಲೆಯಲ್ಲೇ ನಿಂತುಬಿಟ್ಟಿತು. ‘ಈ ಮನೇಲಿ ನನ್ ಜೊತೆ ಮಾತಾಡೋಕೆ ಇದ್ದಿದ್ದೇ ಇಬ್ರು. ಒಬ್ಳು ಹೋದ್ಲು’ ಎಂದು ಅಜ್ಜಿ ಗೋಡೆಯ ಕಡೆ ತಿರುಗಿ ಅತ್ತರು. ನನಗೂ ಅಳು ಬಂತು. ಅಜ್ಜಿಯನ್ನು ತಬ್ಬಿಕೊಂಡೆ, ಆದರೆ ಬಾಯಿ ಬಿಡಲಿಲ್ಲ. ಬಿಟ್ಟರೆ ಅಮ್ಮನಿಗೆ ಕೊಟ್ಟಿದ್ದನ್ನು ಕಿತ್ತುಕೊಂಡ ಹಾಗಾಗುತ್ತಿತ್ತು.

ಸತ್ಯ ಹೊರಗೆ ಬಂದದ್ದು ರಾಮರತೀ ಚಾಚಿಯ ಮುಂದೆ, ಅವಳಿಗೆ ಹಿಂದಿಯಲ್ಲಿ ಹೇಳಬಹುದಿತ್ತಲ್ಲ. ಮನೆಯಲ್ಲಿ ಯಾಕೆ ಮಾತಾಡುವುದಿಲ್ಲ ಎಂದು ಅವಳು ಕೇಳಿದಳು, ಹೇಳಿದೆ. ಚಾಚಿ ಬುಟ್ಟಿಯನ್ನೂ ಗಿರಾಕಿಯನ್ನೂ ಹಾಗೇ ಬಿಟ್ಟು ನನ್ನ ಕೈ ಹಿಡಿದು ಎಳೆದುಕೊಂಡು ಅಂಗಳಕ್ಕೆ ಬಂದಳು. ತಾತ ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಚಾಚಿ ಸೊಂಟದ ಮೇಲೆ ಕೈಯಿಟ್ಟು, ಲೋಕಕ್ಕೆಲ್ಲ ಸಂಕಲ್ಪ ಮಾಡಿಸುತ್ತೀರಿ, ಮನೆಯ ಮಗು ಏನು ಮಾಡಿಕೊಂಡಿದೆ ನೋಡಿದ್ದೀರಾ ಎಂದು ಎಲ್ಲವನ್ನೂ ಹೇಳಿದಳು. ಅಜ್ಜಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ತಾತನ ಕೈ ಹಣೆಯ ಮೇಲೆ ಅರ್ಧಕ್ಕೇ ನಿಂತಿತು. ಗಂಗಾಜಲ ಹಿಡಿದು ಹೇಳಿದಳೇ ಎಂದು ಮೆಲ್ಲಗೆ ಕೇಳಿದರು. ‘ಭಕ್!’ ಎಂದಳು ಚಾಚಿ, ಗೋಡೆ ಅದುರುವ ಹಾಗೆ. ‘ಈ ಕೌನೋ ಬಾತ್ ಹೌ, ಪಂಡಿಜ್ಜೀ?’ ಇದೂ ಒಂದು ಮಾತೇ, ಗಂಗಾಮಾಯಿ ಏನು ಹಸುಗೂಸುಗಳ ಜೊತೆ ವ್ಯವಹಾರಕ್ಕೆ ಕೂತಿದ್ದಾಳೆಯೇ ಎಂದು ಬೈದು, ನನ್ನ ಗಲ್ಲ ಹಿಂಡಿ, ಗಿರಾಕಿ ಕಾಯುತ್ತಿದ್ದಾನೆಂದು ದಡದಡ ಹೊರಟುಹೋದಳು.

ಅವಳ ಪಾಲಿಗೆ ಮುಗಿಯಿತು. ತಾತನಿಗೆ ಅಷ್ಟು ಸುಲಭವಿರಲಿಲ್ಲ. ಸಾವಿರಾರು ಜನರಿಗೆ, ಬಿಟ್ಟದ್ದನ್ನು ಮುಟ್ಟಬೇಡಿ ಎಂದು ಹೇಳಿದ ಬಾಯಿ ಅದು. ಆ ಜನ ತಮ್ಮ ಊರುಗಳಲ್ಲಿ, ಮದುವೆ ಮನೆಗಳಲ್ಲಿ, ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದು ‘ಕಾಶಿಯಲ್ಲಿ ಬಿಟ್ಟಿದ್ದೇನೆ’ ಎನ್ನುತ್ತಿದ್ದದ್ದು ತಾತನ ಮಾತಿನ ಮೇಲಿನ ನಂಬಿಕೆಯಿಂದ. ಒಂದು ಸಂಕಲ್ಪ ಸುಳ್ಳಾದರೆ ಎಲ್ಲವೂ ಸುಳ್ಳಾದೀತು. ಅವತ್ತು ತಾತ ಊಟಕ್ಕೆ ಏಳಲಿಲ್ಲ. ಅಜ್ಜಿ ಎರಡು ಸಲ ಕರೆದರು. ಮೂರನೆಯ ಸಲ ಕರೆಯಲಿಲ್ಲ. ಎಲೆಯ ಮುಂದೆ ಕೂತುಕೊಂಡು, ‘ಅವಳು ಕಲಿತಿದ್ದು ನಿಮ್ಮಿಂದಾನೇ’ ಎಂದಷ್ಟೇ ಹೇಳಿದರು.

ಮಾರನೆಯ ದಿನ ಸಂಜೆ ತಾತ ನನ್ನನ್ನು ದೇವರ ಕೋಣೆಗೆ ಕರೆದು ಎದುರಿಗೆ ಕೂರಿಸಿಕೊಂಡರು. ‘ಹೇಗೆ ಹೇಳ್ದೆ, ಒಂದ್ಸಲ ಹೇಳು’ ಎಂದರು. ನಾನು ಮೊದಲಿನಿಂದ ಕೊನೆಯ ತನಕ ಹೇಳಿದೆ. ಎಲ್ಲೋ ಒಂದು ಕಡೆ ತಪ್ಪಿರಬಹುದು, ತಿಥಿಯೋ ಗೋತ್ರವೋ ಬಿಟ್ಟುಹೋಗಿ ಸಂಕಲ್ಪ ಕೂಡಿಬಂದಿರಲಾರದು ಎಂದು ಅವರು ಆಸೆ ಇಟ್ಟುಕೊಂಡಿದ್ದರೆಂದು ಈಗ ನನಗೆ ಅರ್ಥವಾಗುತ್ತದೆ. ನಾನು ಮುಂದೆ ಮುಂದೆ ಹೇಳುತ್ತಿದ್ದ ಹಾಗೆ ಅವರ ಮುಖ ಸಣ್ಣದಾಗುತ್ತ ಬಂತು. ಮುಗಿಸಿದಾಗ ‘ಒಂದು ಅಕ್ಷರ ತಪ್ಪಿಲ್ಲವಲ್ಲೇ’ ಎಂದರು. ಅವರ ಶಿಷ್ಯರಲ್ಲಿ ಯಾರಿಗೂ ಸಿಗದ ಹೊಗಳಿಕೆ, ಆದರೆ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ನಾನು ನನ್ನ ಭಯವನ್ನು ಹಿಂದಿಯಲ್ಲೇ ಕೇಳಿದೆ. ನಾನು ಕನ್ನಡ ಆಡಿದರೆ ಅಮ್ಮ ಇರುವ ಜಾಗದಿಂದ ಅವಳನ್ನು ಕಳಿಸಿಬಿಡುತ್ತಾರಾ?

ತಾತ ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದು, ‘ಭಕ್!’ ಎಂದರು.

ಅಭ್ಯಾಸವಿಲ್ಲದ ಬಾಯಿ. ವೇದ ಹೇಳಿ ಹದವಾದ ಗಂಟಲಿನಿಂದ ಮಹಾಪ್ರಾಣ ಎಷ್ಟು ಸ್ಪಷ್ಟವಾಗಿ, ಎಷ್ಟು ಶಾಸ್ತ್ರೋಕ್ತವಾಗಿ ಬಂತೆಂದರೆ ಬನಾರಸಿನ ಯಾವ ಹಸುವೂ ಅದಕ್ಕೆ ಜಗ್ಗುತ್ತಿರಲಿಲ್ಲ. ‘ಭಕ್! ಯಾರು ಹೇಳಿದ್ದು ನಿಂಗೆ? ಅವಳನ್ನ ಯಾರೂ ಎಲ್ಲಿಗೂ ಕಳಿಸಲ್ಲ. ಹೋಗು, ಮಾತಾಡು ಹೋಗು’ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ಹೋದ ಮೇಲೆ ಅದೇ ಮೊದಲು ನಕ್ಕದ್ದು. ಎದ್ದು ಅಡುಗೆಮನೆಗೆ ಓಡಿದೆ. ‘ಅಜ್ಜೀ, ತಾತ ಭಕ್ ಅಂದ್ರು! ದೇವರ ಮನೇಲಿ ಭಕ್ ಅಂದ್ರು ನೋಡು!’ ಅಷ್ಟು ದಿನ ಮುಚ್ಚಿಟ್ಟ ಕನ್ನಡ ಚಾಡಿಯ ರೂಪದಲ್ಲಿ ಹೊರಗೆ ಬಂತು. ಅಜ್ಜಿ ಕೈಯಲ್ಲಿದ್ದ ಸೌಟನ್ನು ಕೆಳಗಿಡುವುದನ್ನೂ ಮರೆತು ನನ್ನನ್ನು ಎತ್ತಿಕೊಂಡರು. ನನ್ನ ಲಂಗದ ಹಿಂಭಾಗಕ್ಕೆಲ್ಲ ಸಾರು ಮೆತ್ತಿತು. ಅವತ್ತು ಮಲಗುವ ತನಕ ನಾನು ಬಾಯಿ ಮುಚ್ಚಲಿಲ್ಲ, ಅಮ್ಮ ಹೇಳಿದ ಕತೆಗಳನ್ನೆಲ್ಲ ಒಂದರ ಮೇಲೊಂದು ಅಜ್ಜಿಗೆ ಹೇಳಿದೆ. ರಾಜನ ಕೊಂಬಿನ ಕತೆ ಅಜ್ಜಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದವರ ಹಾಗೆ ಕೇಳಿಸಿಕೊಂಡರು.

ಆಮೇಲಿನ ವರ್ಷಗಳಲ್ಲಿ ಆ ಮನೆಯಲ್ಲಿ ನಾನು ಅಜ್ಜಿಯ ಜೊತೆ ಆಡಿದ ಮಾತಿಗೆ ಲೆಕ್ಕವಿಲ್ಲ. ಬತ್ತಿ ಹೊಸೆಯುವುದಕ್ಕೆ ಅಮ್ಮನ ಜಾಗದಲ್ಲಿ ಈಗ ಅಜ್ಜಿ ತಾರಸಿಗೆ ಬರುತ್ತಿದ್ದರು, ಏದುಸಿರು ಬಿಡುತ್ತ, ಕೋತಿಗಳನ್ನು ಬೈಯುತ್ತ. ಮಧ್ಯಾಹ್ನಗಳಲ್ಲಿ ತಾತ ನನಗೆ ಕನ್ನಡ ಅಕ್ಷರ ಕಲಿಸಿದರು. ಯಾತ್ರಿಕರು ಬಿಟ್ಟುಹೋದ ಹಳೆಯ ಪಂಚಾಂಗ, ವಾರಪತ್ರಿಕೆಗಳನ್ನು ಓದಿಸಿದರು. ಜೂನ್ ಬಂತೆಂದರೆ ಬನಾರಸಿನ ಲಂಗಡಾ ಮಾವಿನಹಣ್ಣು ಬರುತ್ತದೆ. ಹಣ್ಣಾದರೂ ಸಿಪ್ಪೆ ಹಸಿರಾಗೇ ಇರುವ, ಕೊಯ್ದರೆ ಮನೆಯೆಲ್ಲ ಘಮ ಎನ್ನುವ ಹಣ್ಣು. ತಾತ ತಾವೇ ಆರಿಸಿ ತಂದು, ತೊಟ್ಟಿನ ಹತ್ತಿರ ಮೂಸಿ ನೋಡಿ, ತಣ್ಣೀರಿನ ಬಕೆಟ್ಟಿನಲ್ಲಿ ನೆನೆಹಾಕಿ, ಸಂಜೆ ಅಂಗಳದಲ್ಲಿ ಕೂತು ಹೆಚ್ಚಿ ಹೆಚ್ಚಿ ನಮ್ಮ ಕೈಗೆ ಕೊಡುತ್ತಿದ್ದರು. ನೀವು ತಿನ್ನಿ ತಾತ ಎಂದರೆ ‘ಭಕ್, ನಿಮಗೇ ಸಾಲದು’ ಎನ್ನುತ್ತಿದ್ದರು. ಅವರು ಆ ಮಾತನ್ನು ಆಡುತ್ತಿದ್ದದ್ದು ವರ್ಷದಲ್ಲಿ ಆ ಕೆಲವು ವಾರ ಮಾತ್ರ. ನಾವು ನಗುತ್ತಿದ್ದೆವು. ಹೊಟ್ಟೆಗೆ ಆಗುವುದಿಲ್ಲವೇನೋ ಎಂದುಕೊಂಡು ನಾನು ಅವರ ಪಾಲನ್ನೂ ತಿನ್ನುತ್ತಿದ್ದೆ, ಸಂತೋಷವಾಗಿ.

ನಾನು ಕಾಲೇಜಿನಲ್ಲಿದ್ದಾಗ ತಾತ ಹೋದರು, ಆಷಾಢದಲ್ಲಿ, ನೆರೆಯ ನೀರು ಮೆಟ್ಟಿಲು ಏರತೊಡಗಿದ ದಿನಗಳಲ್ಲಿ. ಮುಂದಿನ ವರ್ಷ ಅವರ ಶ್ರಾದ್ಧದ ದಿನ ಅಪ್ಪ ನಡುಮನೆಯಲ್ಲಿ ಎಲೆ ಹಾಕಿಸಿ ಎಲ್ಲ ಅಣಿ ಮಾಡಿಕೊಳ್ಳುತ್ತಿದ್ದರು. ಅಜ್ಜಿ ಒಂದು ತಟ್ಟೆಯ ತುಂಬ ಲಂಗಡಾ ಹೆಚ್ಚಿಕೊಂಡು ಬಂದು ಎಲೆಯ ಪಕ್ಕ ಇಟ್ಟರು. ಅಪ್ಪ ಮಂತ್ರ ನಿಲ್ಲಿಸಿ, ‘ಅಮ್ಮಾ, ಇದು ಅಪ್ಪ ಬಿಟ್ಟಿದ್ದ ಹಣ್ಣಲ್ವಾ. ಅವರ ಎಲೆಗೆ ಹಾಕೋ ಹಾಗಿಲ್ಲ’ ಎಂದರು. ನಾನು ಬೆರಗಾಗಿ ತಾತ ಯಾವಾಗ ಬಿಟ್ಟಿದ್ದರು ಎಂದು ಕೇಳಿದೆ. ಅಪ್ಪ ತಲೆ ತಗ್ಗಿಸಿದರು. ಹೇಳಿದವರು ಅಜ್ಜಿ.

‘ನೀನು ಮತ್ತೆ ಮಾತಾಡಿದ್ಯಲ್ಲ, ಅದರ ಮಾರನೇ ದಿನ ಬೆಳಿಗ್ಗೆ. ಗಂಗೆಗೆ ಕೊಟ್ಟಿದ್ದನ್ನ ಬರಿಗೈಲಿ ವಾಪಸ್ ಕೇಳಬಾರದು ಅಂದ್ರು. ನಿನ್ ಮಾತಿನ ಬದಲಿಗೆ ಅವರ ಹಣ್ಣು ಕೊಟ್ಟು ಬಂದ್ರು. ಪ್ರಾಣ ಬಿಡೋರು ಕಣೇ ಆ ಹಣ್ಣು ಅಂದ್ರೆ. ಅವಳಿಗೆ ಹೇಳಬೇಡ, ಮಾತಾಡೋಕೆ ಹಿಂಜರಿದಾಳು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು’ ಎಂದರು.

ಪ್ರತಿ ಜೂನಿನಲ್ಲೂ ನನ್ನ ಎದುರಿಗೆ ಕೂತು, ರಸ ಮುಂಗೈಗೆ ಇಳಿದದ್ದನ್ನು ಪಂಚೆಗೆ ಒರೆಸಿಕೊಳ್ಳುತ್ತ, ನಾನು ತಿನ್ನುತ್ತ ಕನ್ನಡದಲ್ಲಿ ಹರಟುವುದನ್ನು ಅವರು ನೋಡುತ್ತಿದ್ದದ್ದು ನೆನಪಾಯಿತು. ಅವರ ಶಾಸ್ತ್ರ ಅವರಿಗೆ ಉಳಿಯಿತು, ನನ್ನ ಮಾತು ನನಗೆ ಉಳಿಯಿತು, ನಡುವಿನ ಬೆಲೆಯನ್ನು ಅವರೊಬ್ಬರೇ ಕೊಟ್ಟುಕೊಂಡು ಬಂದಿದ್ದರು. ಅದನ್ನು ನನಗೆ ಗೊತ್ತಾಗದ ಹಾಗೆ ಕಾಯಲು, ತಮಗೆ ಕಂಡರಾಗದ ಒಂದು ಮಾತನ್ನು ಗಲ್ಲಿಯಿಂದ ಒಳಗೆ ಬಿಟ್ಟುಕೊಂಡಿದ್ದರು. ನನಗೆ ಅಳು ಬಂತು, ಆದರೆ ದುಃಖಕ್ಕಿಂತ ಹೆಚ್ಚಾಗಿ ಏನೋ ದೊಡ್ಡದೊಂದು ಕೈಗೆ ಸಿಕ್ಕ ಹಾಗಿತ್ತು. ಅಪ್ಪನಿಗೆ ಇನ್ನೂ ಅನುಮಾನ. ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸುತ್ತ, ‘ಆದ್ರೂ ಅಮ್ಮಾ, ಸಂಕಲ್ಪ ಮಾಡಿ ಬಿಟ್ಟಿದ್ದು...’ ಎಂದರು.

‘ಭಕ್!’ ಎಂದರು ಅಜ್ಜಿ. ‘ಬದುಕಿರೋ ತನಕ ಅಂತ ತಾನೇ ಬಿಟ್ಟಿದ್ದು? ನಡೆಸಿಕೊಂಡ್ರು, ಹೋದ್ರು. ಇನ್ನು ತಿನ್ನಲಿ. ಹಾಕೋ ಎಲೆಗೆ.’

ಅಪ್ಪ ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಕಣ್ಣೊರೆಸಿಕೊಂಡು ಹಣ್ಣು ಬಡಿಸಿದರು. ಎಲ್ಲ ಮುಗಿದ ಮೇಲೆ ಅಜ್ಜಿ ತಟ್ಟೆಯಲ್ಲಿ ಉಳಿದ ಹೋಳುಗಳನ್ನು ನನ್ನ ಕೈಗೆ ಹಾಕಿ, ತಾವು ಎದುರಿಗೆ ಗೋಡೆಗೊರಗಿ ಕೂತರು. ಅಜ್ಜಿ ಈಗಿಲ್ಲ, ಅಪ್ಪ ಇಲ್ಲ, ಚಾಚಿಯ ಹೂವಿನ ಜಾಗದಲ್ಲಿ ಮೊಬೈಲ್ ರೀಚಾರ್ಜಿನವನು ಕೂರುತ್ತಾನೆ, ಈ ಊರಿನಲ್ಲಿ ನನ್ನ ಜೊತೆ ಕನ್ನಡ ಆಡುವವರು ಬೆರಳೆಣಿಕೆಯಷ್ಟು. ಆದರೂ ನಾನು ಬಡವಳೆಂದು ನನಗೆ ಒಂದು ದಿನವೂ ಅನಿಸಿಲ್ಲ. ‘ಹೇಗಿದೆಯೇ ತಾತನ ಹಣ್ಣು?’ ಎಂದು ಅಜ್ಜಿ ಅವತ್ತು ಕೇಳಿದರು. ಬಾಯಿ ತುಂಬ ಹಣ್ಣಿತ್ತು, ಕಣ್ಣಿನಲ್ಲಿ ನೀರಿತ್ತು. ನುಂಗಿಕೊಂಡು, ‘ತುಂಬಾ ಸಿಹಿಯಾಗಿದೆ ಅಜ್ಜಿ’ ಎಂದೆ, ಕನ್ನಡದಲ್ಲಿ.